ರೆಗ್ಯುಲೇಟರ್ ಕೊಳ್ಳುವ ಮುಂಚೆ ಅದನ್ನು ಸರ್ವಿಸ್ ಮಾಡುವವರನ್ನು ಹುಡುಕಿ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವ ಬೋಟ್‌ನಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸ ನನ್ನದು. ಸಿಲಿಂಡರ್ ತುಂಬಿಸುವುದು, ಸಿಲಿಂಡರ್ ಗಾಳಿಯನ್ನು ಉಸಿರಾಡುವ ಹಾಗೆ ಮಾಡಿ ಬಾಯಿಗೆ ಕೊಡುವ ರೆಗ್ಯುಲೇಟರ್ ತೊಳೆಯುವುದು, ಸೀಸನ್ ಮುಗಿದ ಮೇಲೆ ಒಂದೊಂದನ್ನೇ ಬಿಚ್ಚಿ ಸರ್ವಿಸ್ ಮಾಡುವುದು. ಕೋರ್ಸ್ ಮುಗಿಸಿ ಡೈವಿಂಗ್ ಹುಚ್ಚು ಹತ್ತಿಸಿಕೊಂಡವರು ಫೋನಲ್ಲಿ ನಾಲ್ಕೈದು ಮಾಡೆಲ್ ತೋರಿಸಿ ಕೇಳುತ್ತಾರೆ: "ಅಣ್ಣಾ, ಇದ್ರಲ್ಲಿ ರೇಟೂ ಕಡಿಮೆ ಇರ್ಬೇಕು, ಉಸಿರಾಡೋಕೂ ಸಲೀಸಾಗಿರ್ಬೇಕು, ಯಾವ್ದು ತಗೊಳ್ಳಲಿ?" ನಾನು ಫೋನ್ ನೋಡುವ ಮೊದಲು ಕೇಳುವುದು ಒಂದೇ. ಇದನ್ನು ಸರ್ವಿಸ್ ಮಾಡಿಕೊಡುವವರು ನಿಮ್ಮ ಹತ್ತಿರ ಯಾರಿದ್ದಾರೆ?

ಯಾಕೆ ಅಂತ ಹೇಳುತ್ತೇನೆ. ಚೆನ್ನಾಗಿ ಟ್ಯೂನ್ ಮಾಡಿದ ಅಗ್ಗದ ರೆಗ್ಯುಲೇಟರ್, ಮೂರು ವರ್ಷ ಸರ್ವಿಸ್ ಕಾಣದ ದುಬಾರಿ ರೆಗ್ಯುಲೇಟರ್‌ಗಿಂತ ಸಲೀಸಾಗಿ ಉಸಿರು ಕೊಡುತ್ತದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹುಬ್ಬಳ್ಳಿ ಕಡೆಯ ಒಬ್ಬ ಗಿರಾಕಿ ವಿದೇಶದ ಒಂದು ಅಂಗಡಿಯಿಂದ ಆನ್‌ಲೈನಲ್ಲಿ ಒಳ್ಳೆಯ ಸೆಟ್ ತರಿಸಿದರು. ಮೊದಲ ಸೀಸನ್ ಬೆಣ್ಣೆಯಂತೆ ನಡೆಯಿತು. ಆಮೇಲೆ ಸಣ್ಣಗೆ ಗಾಳಿ ಸೋರತೊಡಗಿತು. ಅದರ ಸರ್ವಿಸ್ ಕಿಟ್ ಇಲ್ಲಿ ಯಾರ ಬಳಿಯೂ ಇರಲಿಲ್ಲ. ಮಾರಿದವರು ವಾಪಸ್ ಕಳಿಸಿ ಅಂದರು. ಹೋಗಿಬರುವ ಕೊರಿಯರ್ ಖರ್ಚು ಕೇಳಿ ಗಿರಾಕಿ ಸುಮ್ಮನಾದರು. ಕಿಟ್ ಅಂದರೆ ಏನು? ಗಾಳಿ ಸೋರದಂತೆ ತಡೆಯುವ ನಾಲ್ಕು ರಬ್ಬರ್ ಉಂಗುರ, ಅಂದರೆ ಒ-ರಿಂಗ್, ವಾಲ್ವ್ ಮುಚ್ಚಿಕೊಳ್ಳುವ ಒಂದೆರಡು ಸೀಟ್, ಒಂದು ಫಿಲ್ಟರ್. ಅಷ್ಟು ಸಿಗದೆ ಇಡೀ ಸೆಟ್ ಕಪಾಟು ಸೇರಿತು.

ಒಳಗೆ ಏನು ನಡೆಯುತ್ತದೆ

ಇದನ್ನು ಸ್ವಲ್ಪ ತಿಳಿದುಕೊಂಡರೆ ಅಂಗಡಿಯವರ ಮಾತು ಅರ್ಧಕ್ಕರ್ಧ ತಾನಾಗೇ ಸೋಸಿಹೋಗುತ್ತದೆ.

ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್ ಒತ್ತಡ. ಅದನ್ನು ನೇರವಾಗಿ ಬಾಯಿಗೆ ಕೊಟ್ಟರೆ ಶ್ವಾಸಕೋಶದ ಗತಿ ಅಷ್ಟೇ. ಸಿಲಿಂಡರ್‌ಗೆ ಕಚ್ಚಿಕೊಳ್ಳುವ ಫಸ್ಟ್ ಸ್ಟೇಜ್ ಆ ಒತ್ತಡವನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ 9ರಿಂದ 10 ಬಾರ್ ಜಾಸ್ತಿ ಇರುವಷ್ಟಕ್ಕೆ ಇಳಿಸಿ ಹೋಸ್‌ಗೆ ಬಿಡುತ್ತದೆ. ಈ ನಡುವಿನ ಒತ್ತಡವನ್ನು ನಾವು ಐಪಿ (ಇಂಟರ್ಮೀಡಿಯೇಟ್ ಪ್ರೆಶರ್) ಅನ್ನುತ್ತೇವೆ. ಬಾಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್ ಉಳಿದ ಕೆಲಸ ಮಾಡುತ್ತದೆ. ನೀವು ಉಸಿರೆಳೆದಾಗ ಒಳಗಿನ ರಬ್ಬರ್ ಡಯಾಫ್ರಂ ಒಳಕ್ಕೆ ಬಾಗುತ್ತದೆ, ಲಿವರ್ ಒತ್ತುತ್ತದೆ, ವಾಲ್ವ್ ತೆರೆಯುತ್ತದೆ, ಗಾಳಿ ಬರುತ್ತದೆ. ಎಳೆಯುವುದು ನಿಲ್ಲಿಸಿದರೆ ಮುಚ್ಚಿಕೊಳ್ಳುತ್ತದೆ. 1943ರಲ್ಲಿ ಫ್ರಾನ್ಸ್‌ನಲ್ಲಿ ಕೂಸ್ಟೋ ಮತ್ತು ಗಾನ್ಯಾಂ ಮಾಡಿದ ಅಕ್ವಾ-ಲಂಗ್‌ನಲ್ಲೂ ಕೇಳಿದಾಗ ಮಾತ್ರ ಗಾಳಿ ಕೊಡುವ ಇದೇ ಉಪಾಯ ಇತ್ತು.

ಆ ವಾಲ್ವ್ ತೆರೆಯಲು ನೀವು ಎಷ್ಟು ಎಳೆಯಬೇಕು ಅನ್ನುವುದು ಕ್ರ್ಯಾಕಿಂಗ್ ಪ್ರೆಶರ್. ಹೆಚ್ಚಿನವರು 'ಸಲೀಸು' ಅನ್ನುವುದು ಇದನ್ನೇ. ಆದರೆ ತೆರೆದ ಮೇಲೆ ಸಾಕಷ್ಟು ಗಾಳಿ ಬರುತ್ತಾ ಅನ್ನುವುದು ಬೇರೆ. ಉಸಿರು ಬಿಡುವಾಗ ಎಷ್ಟು ತಡೆಯುತ್ತದೆ ಅನ್ನುವುದು ಇನ್ನೂ ಬೇರೆ. ಈ ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ. ಈಗಿನ ರೆಗ್ಯುಲೇಟರ್‌ಗಳಲ್ಲಿ ಎಳೆಯಲು ವಾಲ್ವ್ ಸಹಾಯ ಮಾಡುತ್ತದೆ, ಬಿಡುವಾಗ ಮಾತ್ರ ನಿಮ್ಮ ಎದೆಯೇ ಗಾಳಿಯನ್ನು ನೀರಿಗೆ ತಳ್ಳಬೇಕು. ಹಾಗಾಗಿ ಕೆಳಗಿನ ಎಕ್ಸಾಸ್ಟ್ ವಾಲ್ವ್ ದೊಡ್ಡದಾಗಿದೆಯಾ ನೋಡಿ. ಬ್ಯಾಗಿಗೆ ಹಾಕಿಕೊಳ್ಳಲು ಅನುಕೂಲ ಅಂತ ತೀರಾ ಪುಟಾಣಿ ಸೆಕೆಂಡ್ ಸ್ಟೇಜ್ ಆರಿಸುವವರು ಇಲ್ಲಿ ಸ್ವಲ್ಪ ಯೋಚಿಸಬೇಕು.

ಆಳ ಹೆಚ್ಚಿದಂತೆ ಗಾಳಿ ದಪ್ಪವಾಗುತ್ತದೆ ಅನ್ನುವುದೂ ನೆನಪಿರಲಿ. 10 ಮೀಟರ್‌ನಲ್ಲಿ ಮೇಲಿನ ಎರಡರಷ್ಟು, 30 ಮೀಟರ್‌ನಲ್ಲಿ ನಾಲ್ಕರಷ್ಟು. ಅಂಗಡಿಯಲ್ಲಿ ನಿಂತು ಬಾಯಿಗಿಟ್ಟು ಎರಡು ಸಲ ಎಳೆದು "ಆಹಾ" ಅಂದರೆ ಅದರಿಂದ 30 ಮೀಟರ್‌ನ ಕತೆ ಗೊತ್ತಾಗುವುದಿಲ್ಲ.

ಬ್ಯಾಲೆನ್ಸ್ಡ್ ಬೇಕಾ, ಬೇಡ್ವಾ?

ಹಣ ಜಾಸ್ತಿ ಹೋಗುವುದು ಈ ಒಂದು ಪದಕ್ಕೆ.

ಬ್ಯಾಲೆನ್ಸ್ ಇಲ್ಲದ ಪಿಸ್ಟನ್ ಫಸ್ಟ್ ಸ್ಟೇಜ್ ತುಂಬ ಸರಳ. ಒಂದು ಪಿಸ್ಟನ್, ಒಂದು ಸ್ಪ್ರಿಂಗ್, ಎರಡು ಮೂರು ಒ-ರಿಂಗ್. ಕೆಡುವುದು ಕಡಿಮೆ, ಸರ್ವಿಸ್ ಅಗ್ಗ. ಸ್ಕೂಬಾಪ್ರೋ ಎಂಕೆ2 ಇವೊ, ಕ್ರೆಸ್ಸಿ ಎಸಿ2 ಇಂಥವು. ಬಾಡಿಗೆಗೆ ಕೊಡುವ ಸೆಂಟರ್‌ಗಳು ಇವನ್ನು ಇಷ್ಟಪಡುವುದು ಇದಕ್ಕೇ. ಕೊರತೆ ಒಂದೇ: ಸಿಲಿಂಡರ್‌ನ ಒತ್ತಡವೇ ವಾಲ್ವ್ ತೆರೆಯಲು ಸಹಾಯ ಮಾಡುವುದರಿಂದ, ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಐಪಿ ಕೂಡ ಇಳಿಯುತ್ತದೆ. ತಾರಸಿಯ ಟ್ಯಾಂಕ್‌ನಲ್ಲಿ ನೀರು ಕಡಿಮೆಯಾದಂತೆ ನಲ್ಲಿ ಸಣ್ಣಗಾಗುವುದಿಲ್ವಾ, ಹಾಗೆ. 200 ಬಾರ್‌ನಿಂದ 50ಕ್ಕೆ ಬರುವಷ್ಟರಲ್ಲಿ ಐಪಿ ಒಂದು ಒಂದೂವರೆ ಬಾರ್ ಇಳಿದಿರಬಹುದು. ಆಗ ಉಸಿರು ಚೂರು ಬಿಗಿಯಾಗುತ್ತದೆ.

ಬ್ಯಾಲೆನ್ಸ್ಡ್ ಫಸ್ಟ್ ಸ್ಟೇಜ್‌ನಲ್ಲಿ ಸಿಲಿಂಡರ್ ತುಂಬಿರಲಿ, ಮುಗಿಯುತ್ತಿರಲಿ, ಐಪಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಸ್ಕೂಬಾಪ್ರೋ ಎಂಕೆ11, ಎಂಕೆ17, ಮಾರೆಸ್ 52ಎಕ್ಸ್, ಕ್ರೆಸ್ಸಿ ಎಂಸಿ9 ಇವೆಲ್ಲ ಬ್ಯಾಲೆನ್ಸ್ಡ್ ಡಯಾಫ್ರಂ ಜಾತಿಯವು, ಅಂದರೆ ಫಸ್ಟ್ ಸ್ಟೇಜ್ ಒಳಗೂ ಪಿಸ್ಟನ್ ಬದಲು ರಬ್ಬರ್ ಡಯಾಫ್ರಂ ಇರುವಂಥವು. ಎಂಕೆ25 ಬ್ಯಾಲೆನ್ಸ್ಡ್ ಪಿಸ್ಟನ್. ಸೆಕೆಂಡ್ ಸ್ಟೇಜ್‌ನಲ್ಲೂ ಬ್ಯಾಲೆನ್ಸ್ಡ್ ಇರುತ್ತದೆ. ಸ್ಕೂಬಾಪ್ರೋ ಜಿ260, ಅಪೆಕ್ಸ್ ಎಕ್ಸ್‌ಟಿಎಕ್ಸ್ ಅಂಥವು. ಐಪಿ ಸ್ವಲ್ಪ ಏರಿಳಿದರೂ ಇವು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ.

ನನ್ನ ಲೆಕ್ಕ ಹೀಗಿದೆ. ನೇತ್ರಾಣಿಯ ಥರದ ಬೆಚ್ಚಗಿನ ನೀರು, 18 ಮೀಟರ್ ಒಳಗಿನ ಡೈವ್, 50 ಬಾರ್ ಉಳಿದಿರುವಾಗಲೇ ಮೇಲೆ ಬರುವ ಶಿಸ್ತು, ಇಷ್ಟೇ ನಿಮ್ಮ ಡೈವಿಂಗ್ ಆದರೆ ಬ್ಯಾಲೆನ್ಸ್ ಇಲ್ಲದ ಪಿಸ್ಟನ್ ಸಾಕು. ಸಾಕೇ ಸಾಕು. 30 ಮೀಟರ್‌ಗೆ ಇಳಿಯುವ ಆಸೆ ಇದ್ದರೆ, ಪ್ರವಾಹದ ವಿರುದ್ಧ ಈಜುವ ಜಾಗಗಳಿಗೆ ಹೋಗುವವರಾದರೆ ಬ್ಯಾಲೆನ್ಸ್ಡ್ ತಗೊಳ್ಳಿ. ಯಾಕೆಂದರೆ ಕಷ್ಟ ಬರುವುದು ಒಬ್ಬರೇ ಉಸಿರಾಡುವಾಗ ಅಲ್ಲ. ಜೊತೆಗಾರನ ಗಾಳಿ ಮುಗಿದು, ಅವನು ನಿಮ್ಮ ಆಕ್ಟೋಪಸ್ (ಜೊತೆಗಾರನಿಗೆ ಅಂತ ಇರುವ ಹೆಚ್ಚುವರಿ ಸೆಕೆಂಡ್ ಸ್ಟೇಜ್) ಕಚ್ಚಿಕೊಂಡು, ಇಬ್ಬರೂ ಗಾಬರಿಯಲ್ಲಿ ಜೋರಾಗಿ ಎಳೆಯುವಾಗ. ಅದೂ ಸಿಲಿಂಡರ್ ಕೊನೆಗೆ ಬಂದಿರುವಾಗ.

ಡಯಾಫ್ರಂ ಒಳ್ಳೆಯದಾ, ಪಿಸ್ಟನ್ ಒಳ್ಳೆಯದಾ ಅಂತ ಗಂಟೆಗಟ್ಟಲೆ ಜಗಳ ಆಡುವವರಿದ್ದಾರೆ. ಆಡಲಿ ಬಿಡಿ. ಉಸಿರಿಗೆ ಅದರಿಂದ ದೊಡ್ಡ ವ್ಯತ್ಯಾಸವಿಲ್ಲ. ಡಯಾಫ್ರಂ ಇದ್ದರೆ ಉಪ್ಪುನೀರು, ಮರಳು ಒಳಗಿನ ಭಾಗಗಳಿಗೆ ತಾಗುವುದಿಲ್ಲ ಅನ್ನುವುದು ನಿಜವಾದ ಲಾಭ. ಪಿಸ್ಟನ್ ಆದರೆ ಸ್ಪ್ರಿಂಗ್ ಇರುವ ಕೋಣೆಗೆ ಸಮುದ್ರದ ನೀರು ಹೋಗುತ್ತದೆ, ಚೆನ್ನಾಗಿ ತೊಳೆಯಬೇಕು, ಅಷ್ಟೇ. ತಣ್ಣೀರಿಗಾಗಿ ಪೂರ್ತಿ ಸೀಲ್ ಮಾಡಿದ ಮಾಡೆಲ್‌ಗೆ ನಮ್ಮ ಕರಾವಳಿಯವರು ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಯುರೋಪಿನ ಇಎನ್ 250 ಗುಣಮಟ್ಟದ ಗುರುತಿರುವ ರೆಗ್ಯುಲೇಟರ್ ಮೇಲೆ '>10°ಸೆ' ಅಂತ ಬರೆದಿದ್ದರೆ ಅದು 10 ಡಿಗ್ರಿಗಿಂತ ಬೆಚ್ಚಗಿನ ನೀರಿಗೆ ಮಾತ್ರ ಅಂತ ಅರ್ಥ. ನಮ್ಮ ನೀರು ಅದರ ಹತ್ತಿರಕ್ಕೂ ಬರುವುದಿಲ್ಲ.

ಇಎನ್ 250 ಬಂದಿದ್ದರಿಂದ ಇನ್ನೊಂದು ಮಾತು. 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಗಾಳಿ ಎಳೆಯುವಾಗ, ಸಿಲಿಂಡರ್‌ನಲ್ಲಿ ಬರೀ 50 ಬಾರ್ ಇರುವಾಗ, ಉಸಿರಾಟದ ಶ್ರಮ ಲೀಟರ್‌ಗೆ 3 ಜೂಲ್ ದಾಟಬಾರದು ಅನ್ನುತ್ತದೆ ಅದು. ಅಂದರೆ ಈ ಗುರುತು ಇರುವ ಅಗ್ಗದ ಮಾಡೆಲ್ ಕೂಡ ನೀವು ಎಂದೂ ಹೋಗದ ಆಳದಲ್ಲಿ ಪಾಸಾಗಿ ಬಂದಿರುತ್ತದೆ. ಗುರುತು ಇದೆಯಾ ನೋಡಿ, ಇದ್ದರೆ ಸಾಕು. ಒಂದು ಕಂಪನಿ 0.8 ಅಂದಿದೆ, ಇನ್ನೊಂದು 1.0 ಅಂದಿದೆ ಅಂತ ಚಾರ್ಟ್ ಹಿಡಿದು ಕೂರಬೇಡಿ. ಸರ್ವಿಸ್ ಮಾಡುವವರ ಸ್ಕ್ರೂಡ್ರೈವರ್ ಅರ್ಧ ಸುತ್ತು ಆಚೀಚೆ ಆದರೆ ಆ ವ್ಯತ್ಯಾಸ ಎಲ್ಲಿಗೋ ಹೋಗುತ್ತದೆ.

ಬಕೆಟ್ ನೀರು, ಒಂದು ಸ್ಕೇಲ್, ಒಂದು ಗೇಜ್

ಸಲೀಸು ಅನ್ನುವುದನ್ನು ಬಾಯಲ್ಲಿ ಹೇಳುವುದಕ್ಕಿಂತ ಅಳೆದು ನೋಡಬಹುದು. ಕೊಳ್ಳುವಾಗ, ಸರ್ವಿಸ್ ಆಗಿ ಬಂದಾಗ, ಸೀಸನ್ ಶುರುವಾಗುವ ಮುಂಚೆ ನಾನು ಮಾಡುವುದು ಇದನ್ನೇ.

ಸೆಟ್ ಅನ್ನು ಸಿಲಿಂಡರ್‌ಗೆ ಹಾಕಿ, ಗಾಳಿ ತೆರೆಯಿರಿ. ಸೆಕೆಂಡ್ ಸ್ಟೇಜ್‌ಗೆ ಅಡ್ಜಸ್ಟ್ ಮಾಡುವ ತಿರುಪು ಇದ್ದರೆ ಪೂರ್ತಿ ಸಡಿಲ ಮಾಡಿ. ಈಗ ಅದನ್ನು ಮೌತ್‌ಪೀಸ್ ಮೇಲೆ, ಪರ್ಜ್ ಬಟನ್ (ಒತ್ತಿದರೆ ಗಾಳಿ ಬಿಡುವ ಮುಂಭಾಗದ ಗುಂಡಿ) ಕೆಳಗೆ ಬರುವ ಹಾಗೆ ಮಟ್ಟಸವಾಗಿ ಹಿಡಿದು ಬಕೆಟ್ ನೀರಿಗೆ ನಿಧಾನವಾಗಿ ಇಳಿಸಿ. ಮೌತ್‌ಪೀಸ್ ನೀರಿನಿಂದ ಮೇಲೇ ಇರಬೇಕು. ನೀರು ಕೆಳಗಿನಿಂದ ಡಯಾಫ್ರಂ ಒತ್ತುತ್ತ ಹೋಗುತ್ತದೆ. ಒಂದು ಹಂತದಲ್ಲಿ 'ಸ್ಸ್' ಅಂತ ಗಾಳಿ ಬರಲು ಶುರುವಾಗುತ್ತದೆ. ಅಲ್ಲೇ ಕೈ ನಿಲ್ಲಿಸಿ. ಡಯಾಫ್ರಂ ಇರುವ ಜಾಗದಿಂದ ನೀರಿನ ಮಟ್ಟದವರೆಗೆ ಎಷ್ಟಿದೆ ಅಂತ ಸ್ಕೇಲ್ ಇಟ್ಟು ನೋಡಿ. ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ಒಳಗೆ ಬಂದರೆ ಚೆನ್ನಾಗಿದೆ. ಐದು ದಾಟಿದರೆ ಬಿಗಿ. ಎರಡು ಸೆಂಟಿಮೀಟರ್ ಕೂಡ ಇಳಿಯುವ ಮೊದಲೇ ಗಾಳಿ ಸುರಿಯತೊಡಗಿದರೆ ಅತಿ ಸೂಕ್ಷ್ಮ. ಬೋಟಿಂದ ನೀರಿಗೆ ಹಾರಿದ ಕೂಡಲೇ ಭುಸ್ ಅಂತ ಗಾಳಿ ಪೋಲಾಗುತ್ತದೆ.

ಈ ಕೊನೆಯದನ್ನು ತಪ್ಪಿಸಲು ಹೋಗಿಯೇ ಬಾಡಿಗೆ ರೆಗ್ಯುಲೇಟರ್‌ಗಳಿಗೆ ಕೆಟ್ಟ ಹೆಸರು. ಹೊಸಬರು ರೆಗ್ಯುಲೇಟರ್ ಬಾಯಿಂದ ಬಿಟ್ಟರೆ ಗಾಳಿ ಸುರಿದು ಗಾಬರಿಯಾಗಬಾರದು ಅಂತ ನಾವು ಬೇಕೆಂದೇ ಸ್ವಲ್ಪ ಬಿಗಿ ಇಡುತ್ತೇವೆ. ಅದರಲ್ಲಿ ಉಸಿರಾಡಿದವರು "ಈ ಮಾಡೆಲ್ಲೇ ಸರಿ ಇಲ್ಲ, ಎರಡರಷ್ಟು ರೇಟಿಂದು ಬೇಕು" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಅದೇ ಮಾಡೆಲ್‌ನ ತಿರುಪು ಚೂರು ಸಡಿಲಿಸಿ ಕೊಟ್ಟು ನೋಡಿ, ಗುರುತೇ ಸಿಗುವುದಿಲ್ಲ. ಸ್ವಂತದ್ದನ್ನು ನಿಮಗೆ ಬೇಕಾದಷ್ಟು ಸೂಕ್ಷ್ಮವಾಗಿ ಇಡಿಸಿಕೊಳ್ಳಬಹುದು. ಸ್ವಂತದ್ದು ಕೊಳ್ಳಲು ಅದೇ ದೊಡ್ಡ ಕಾರಣ.

ಇನ್ನೊಂದು ಐಪಿ ಗೇಜ್. ದೊಡ್ಡ ಬೆಲೆಯದ್ದೇನಲ್ಲ, ಬಿಸಿಡಿಗೆ (ಗಾಳಿ ತುಂಬಿ ತೇಲುವುದಕ್ಕೆ ಹಾಕಿಕೊಳ್ಳುವ ಜಾಕೆಟ್) ಗಾಳಿ ಕೊಡುವ ಹೋಸ್‌ನ ತುದಿಗೆ ಸಿಕ್ಕಿಸಿದರೆ ಆಯ್ತು. ಗಾಳಿ ತೆರೆಯುವಾಗ ಗೇಜ್‌ನ ಗಾಜು ಮುಖದ ಕಡೆ ಬೇಡ. ಮುಳ್ಳು 9ರಿಂದ 10 ಬಾರ್ ಹತ್ತಿರ ನಿಲ್ಲಬೇಕು. ಪಿಎಸ್‌ಐ ಲೆಕ್ಕದಲ್ಲಿ 130ರಿಂದ 145. ಎರಡು ಮೂರು ಸಲ ಉಸಿರೆಳೆಯಿರಿ. ಪ್ರತಿ ಸಲ ಮುಳ್ಳು ಕೆಳಗೆ ಇಳಿದು ಥಟ್ಟನೆ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಆಮೇಲೆ ಮುಟ್ಟದೆ ಐದು ನಿಮಿಷ ಬಿಡಿ. ಮುಳ್ಳು ಕದಲದೆ ನಿಂತರೆ ಒಳಗಿನ ಸೀಟ್ ಆರೋಗ್ಯವಾಗಿದೆ. ಗಡಿಯಾರದ ಮುಳ್ಳಿನಂತೆ ಗೊತ್ತಾಗದ ಹಾಗೆ ಮೇಲೇರುತ್ತಿದ್ದರೆ ಹೈ ಪ್ರೆಶರ್ ಸೀಟ್ ಸವೆದಿದೆ. ಇನ್ನು ಕೆಲವೇ ದಿನದಲ್ಲಿ ಸೆಕೆಂಡ್ ಸ್ಟೇಜ್ ಸೋರುತ್ತದೆ. ಅಂಗಡಿಯಲ್ಲಿ ಈ ಗೇಜ್ ಕೇಳಿ. "ಅದೆಲ್ಲ ಬೇಡ ಸಾರ್, ಹೊಸದು" ಅಂದರೆ ಆ ಅಂಗಡಿಗೆ ಸರ್ವಿಸ್ ಬರುವುದಿಲ್ಲ ಅಂತ ಗೊತ್ತು ಮಾಡಿಕೊಳ್ಳಿ.

ಹಳೆಯದು ಕೊಳ್ಳುವುದಾದರೆ

ಬಜೆಟ್ ಕಡಿಮೆ ಇರುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಅಗ್ಗದ ಹೊಸದಕ್ಕಿಂತ ಒಳ್ಳೆಯ ಹಳೆಯದು ಎಷ್ಟೋ ಸಲ ಮೇಲು. ಹಿತ್ತಾಳೆಗೆ ಕ್ರೋಮ್ ಹಾಕಿದ ಫಸ್ಟ್ ಸ್ಟೇಜ್ ಸರಿಯಾಗಿ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ. ಹಳೇ ಸ್ಕೂಬಾಪ್ರೋ ಜಿ250 ಸೆಕೆಂಡ್ ಸ್ಟೇಜ್ ಇಂದಿಗೂ ಅಷ್ಟು ಸಲೀಸು, ಕೈಗೆ ಸಿಕ್ಕರೆ ಬಿಡಬೇಡಿ.

ಆದರೆ ನೋಡಿ ಕೊಳ್ಳಿ. ಫಸ್ಟ್ ಸ್ಟೇಜ್‌ನ ಧೂಳುಮುಚ್ಚಳ ತೆಗೆದರೆ ಗಾಳಿ ಒಳಹೋಗುವ ಬಾಯಲ್ಲಿ ಸಣ್ಣ ಲೋಹದ ಫಿಲ್ಟರ್ ಕಾಣುತ್ತದೆ. ಅದು ಹಸಿರುಗಟ್ಟಿದ್ದರೆ ಒಳಗೆ ಉಪ್ಪುನೀರು ಹೋಗಿದೆ. ಕೆಂಪು ಪುಡಿ ಇದ್ದರೆ ಯಾವುದೋ ತುಕ್ಕು ಹಿಡಿದ ಸ್ಟೀಲ್ ಸಿಲಿಂಡರ್‌ಗೆ ಹಾಕಿ ಬಳಸಿದ್ದಾರೆ. ಎರಡರಲ್ಲಿ ಯಾವುದಿದ್ದರೂ ನಾನಾದರೆ ವಾಪಸ್ ಕೊಡುತ್ತೇನೆ. ಆಮೇಲೆ ಮುಚ್ಚಳ ಬಿಗಿಯಾಗಿ ಹಾಕಿ, ಸಿಲಿಂಡರ್ ಇಲ್ಲದೆಯೇ ಮೌತ್‌ಪೀಸ್ ಕಚ್ಚಿ ಮೆಲ್ಲಗೆ ಎಳೆಯಿರಿ. ಗಾಳಿ ಬರಲೇಬಾರದು. ಬಂದರೆ ಡಯಾಫ್ರಂ ತೂತಾಗಿದೆ ಅಥವಾ ಎಕ್ಸಾಸ್ಟ್ ವಾಲ್ವ್ ಮಡಚಿಕೊಂಡಿದೆ. ನೀರಲ್ಲಿ ಅದೇ ದಾರಿಯಲ್ಲಿ ಸಮುದ್ರ ಬಾಯಿಗೆ ಬರುತ್ತದೆ. ಹೋಸ್ ಬಗ್ಗಿಸಿ ನೋಡಿ, ತುದಿಗಳ ಹತ್ತಿರ ಬಿರುಕಿದ್ದರೆ ಹೊಸ ಹೋಸ್‌ನ ದುಡ್ಡು ಕಳೆದು ಮಾತಾಡಿ. ಮಾರುವವರು "ಈಗಷ್ಟೇ ಸರ್ವಿಸ್ ಆಗಿದೆ" ಅಂದರೆ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಸರ್ವಿಸ್ ಆಗಿಲ್ಲ ಅಂತಲೇ ಲೆಕ್ಕ ಹಾಕಿ, ಆ ಖರ್ಚನ್ನೂ ರೇಟಿಗೆ ಸೇರಿಸಿಕೊಳ್ಳಿ.

ಹೊಸದೋ ಹಳೆಯದೋ, ಸಿಲಿಂಡರ್‌ಗೆ ಕೂರುವ ಬಗೆ ಕೇಳಿಕೊಳ್ಳಿ. ನಾನು ಕೆಲಸ ಮಾಡುವ ಕಡೆ ಯೋಕ್ ಬಳಕೆ, ಅಂದರೆ ಕ್ಲ್ಯಾಂಪ್ ಹಾಕಿ ಮೇಲಿನ ತಿರುಪು ಬಿಗಿ ಮಾಡುವುದು. ಯುರೋಪಿನ ಕಡೆ ತಿರುಪಿನಂತೆ ಒಳಕ್ಕೆ ಹೋಗುವ ಡಿನ್ ಜಾಸ್ತಿ. ಡಿನ್ ಗಟ್ಟಿ ಜೋಡಣೆ, ಅನುಮಾನವಿಲ್ಲ. ಅಡಾಪ್ಟರ್ ಹಾಕಿ ಯೋಕ್ ಮಾಡಿಕೊಳ್ಳಲೂಬಹುದು. ನೀವು ಎಲ್ಲಿ ಡೈವ್ ಮಾಡುತ್ತೀರೋ ಅಲ್ಲಿನವರನ್ನು ಕೇಳಿ ತಗೊಂಡರೆ ಈ ತಲೆನೋವೇ ಇಲ್ಲ.

ರೆಗ್ಯುಲೇಟರ್ ತಪ್ಪಲ್ಲದಿದ್ದಾಗ

"ಉಸಿರು ಸಾಕಾಗ್ತಿಲ್ಲ" ಅಂತ ಮೇಲೆ ಬಂದವರ ಸೆಟ್ ಅನ್ನು ಬಕೆಟ್‌ಗೆ ಇಳಿಸಿ ನೋಡಿದರೆ ಮೂರು ಸೆಂಟಿಮೀಟರ್‌ಗೆ ಸರಿಯಾಗಿ 'ಸ್ಸ್' ಅನ್ನುತ್ತದೆ. ಹಾಗಾದರೆ ಏನು? ವೆಟ್‌ಸೂಟ್ ಎದೆಗೆ ಬಿಗಿ. ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಜಾಸ್ತಿ ಹಾಕಿಕೊಂಡು, ತೀರಾ ಕೆಳಕ್ಕೆ ಮುಳುಗದಿರಲು ಕಾಲು ಬಡಿಯುತ್ತಲೇ ಇದ್ದರು. ಇಲ್ಲವೇ ಗಾಬರಿಯಲ್ಲಿ ಮೇಲುಸಿರು. ಚಿಕ್ಕಚಿಕ್ಕದಾಗಿ ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಸರಿಯಾಗಿ ಹೊರಹೋಗುವುದಿಲ್ಲ, ಮೈ ಇನ್ನೂ ಗಾಳಿ ಬೇಕು ಅನ್ನುತ್ತದೆ, ಇನ್ನೂ ಬೇಗ ಬೇಗ ಎಳೆಯುತ್ತೀರಿ. ಪೂರ್ತಿ ಬಿಡಿ, ಆಮೇಲೆ ಎಳೆಯಿರಿ. ಇದಕ್ಕೆ ಲಕ್ಷ ರೂಪಾಯಿಯ ರೆಗ್ಯುಲೇಟರೂ ಮದ್ದಲ್ಲ.

ದವಡೆ ನೋವನ್ನೂ ಕೆಲವರು 'ಉಸಿರಾಟ ಕಷ್ಟ' ಅನ್ನುತ್ತಾರೆ. ಭಾರದ ಸೆಕೆಂಡ್ ಸ್ಟೇಜ್, ಗಿಡ್ಡ ಹೋಸ್, ಬಾಯಿಗೆ ಹೊಂದದ ಮೌತ್‌ಪೀಸ್ ಇದ್ದರೆ ದವಡೆ ಗಟ್ಟಿಯಾಗಿ ಕಚ್ಚಿಯೇ ಇರಬೇಕಾಗುತ್ತದೆ. ಮೃದು ಸಿಲಿಕಾನ್ ಮೌತ್‌ಪೀಸ್ ಬದಲಾಯಿಸಿ, ಹೋಸ್ ಸ್ವಲ್ಪ ಉದ್ದದ್ದು ಹಾಕಿಸಿ. ಇಡೀ ಸೆಟ್ ಬದಲಾಯಿಸುವ ಯೋಚನೆ ಅಲ್ಲಿಗೇ ನಿಲ್ಲಬಹುದು.

ಒಂದು ಕಡೆ ಮಾತ್ರ ಜುಗ್ಗತನ ಬೇಡ, ಆಕ್ಟೋಪಸ್‌ನಲ್ಲಿ. ಹೇಗೂ ಬಳಸುವುದಿಲ್ಲ ಅಂತ ಸಿಕ್ಕಿದ್ದನ್ನು ಹಾಕಿಸಿಕೊಳ್ಳುತ್ತಾರೆ. ಅದನ್ನು ಬಾಯಿಗಿಡುವವನು ಗಾಳಿ ಮುಗಿದು ಹೆದರಿದವನು, ನಿಮಗಿಂತ ಎರಡರಷ್ಟು ಜೋರಾಗಿ ಎಳೆಯುವವನು. ಇಬ್ಬರು ಒಟ್ಟಿಗೆ ಉಸಿರಾಡಲು ಪಾಸಾಗಿದೆ ಅನ್ನುವ ಇಎನ್ 250ಎ ಗುರುತು ನೋಡಿ ತಗೊಳ್ಳಿ, ಬಕೆಟ್ ಪರೀಕ್ಷೆ ಅದಕ್ಕೂ ಮಾಡಿ.

ತಂದ ಮೇಲೆ ತೊಳೆಯುವ ಕೆಲಸ. ದಿನದ ಡೈವ್ ಮುಗಿದ ಕೂಡಲೇ ಧೂಳುಮುಚ್ಚಳ ಒರೆಸಿ ಬಿಗಿ ಮಾಡಿ ಸಿಹಿನೀರಲ್ಲಿ ನೆನೆಸಿ. ಗಾಳಿ ಇಲ್ಲದೆ ನೀರಲ್ಲಿರುವಾಗ ಪರ್ಜ್ ಬಟನ್ ಒತ್ತಬೇಡಿ, ವಾಲ್ವ್ ತೆರೆದು ನೀರು ಹೋಸ್ ಹಿಡಿದು ಫಸ್ಟ್ ಸ್ಟೇಜ್‌ವರೆಗೂ ಹೋಗುತ್ತದೆ. ನೆರಳಲ್ಲಿ ನೇತುಹಾಕಿ. ಮಳೆಗಾಲದಲ್ಲಿ ನೇತ್ರಾಣಿ ಬಂದ್, ಸರ್ವಿಸ್‌ಗೆ ಕೊಡಲು ಅದೇ ಒಳ್ಳೆಯ ಸಮಯ. ಸೆಪ್ಟೆಂಬರ್ ಕೊನೆಗೆ ಎಲ್ಲರೂ ಒಟ್ಟಿಗೇ ತರುತ್ತಾರೆ, ಆಗ ಬೇಗ ಕೊಡಿ ಅಂತ ಅವಸರ ಮಾಡಿದರೆ ನಮ್ಮ ಕೈಯಲ್ಲೂ ಆಗುವುದಿಲ್ಲ. ಜುಲೈನಲ್ಲೇ ಕೊಟ್ಟುಬಿಡಿ. ಸರ್ವಿಸ್ ಆಗಿ ಬಂದದ್ದನ್ನು ನೇರ ಬೋಟ್‌ಗೆ ಹತ್ತಿಸದೆ ಮೊದಲು ಸ್ವಿಮ್ಮಿಂಗ್ ಪೂಲ್‌ನಲ್ಲಿ ಒಂದು ಸಲ ನೋಡಿ. ಬ್ಯಾಗಿನಲ್ಲಿ ಒಂದು ಹೆಚ್ಚುವರಿ ಮೌತ್‌ಪೀಸ್, ಎರಡು ಜಿಪ್ ಟೈ, ನಾಲ್ಕು ಸಿಲಿಂಡರ್ ಒ-ರಿಂಗ್ ಇರಲಿ.